ಕಂಬಳಿ ಇಲ್ಲದ ಕೋಣೆ

ಸರಸಮ್ಮನಿಗೆ ಉಬ್ಬಸ ಹತ್ತಿದ್ದು ಮದುವೆಯಾದ ಮೇಲೆ. ಅರಕಲಗೂಡಿನ ಕಡೆಯ ತವರಿನಲ್ಲಿ ಇದ್ದಷ್ಟು ದಿನ ಅವಳು ಒಂದು ಸೀನು ಸೀನಿದ್ದೂ ಯಾರಿಗೂ ನೆನಪಿಲ್ಲ. ದಂಡಿಗನಹಳ್ಳಿ ಹೋಬಳಿಯ ಬೀರನಕೊಪ್ಪಲಿಗೆ, ಚಿಕ್ಕಬೀರಯ್ಯನ ಹಿರಿಮಗ ಮರಿಯಣ್ಣನ ಹೆಂಡತಿಯಾಗಿ ಬಂದಳು. ಬಂದ ವರ್ಷವೇ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಅತ್ತೆ ಕಲ್ಲಮ್ಮ ಅದನ್ನು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟಳು: ಬೀಗರು ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟರು. ನಮ್ಮ ಮನೆಗೆ ಬಂದ ಮೇಲೆ ರೋಗ ಹತ್ತಿತೋ ಏನೋ ಎಂದು ಯೋಚಿಸುವ ಅಭ್ಯಾಸ ಯಾವ ಅತ್ತೆಗೂ ಇರುವುದಿಲ್ಲ, ಕಲ್ಲಮ್ಮನಿಗೆ ಮಾತ್ರ ಯಾಕೆ ಇರಬೇಕು?

ಆ ಮನೆ ಕಂಬಳಿಯ ಮನೆ. ನಡುಮನೆಯಲ್ಲೇ ಮಗ್ಗದ ಗುಂಡಿ, ಅದರ ಮಗ್ಗುಲಲ್ಲಿ ಉಣ್ಣೆಯ ರಾಶಿ. ಮಾವ ಚಿಕ್ಕಬೀರಯ್ಯ ಗೋಡೆಗೆ ಒರಗಿ ಕೂತು ಬಿಲ್ಲಿನ ಹೆದೆ ಮೀಟಿ ಉಣ್ಣೆ ಹಿಂಜುತ್ತಿದ್ದರೆ ಅದರ ಎಳೆ ಮನೆಯೆಲ್ಲ ಹಾರಿ ಒಲೆಯ ತನಕ ಹೋಗಿ ಕೂರುತ್ತಿತ್ತು. ಕುರಿಯ ಕೂದಲಿಲ್ಲದ ಮುದ್ದೆಯನ್ನು ಆ ಮನೆಯಲ್ಲಿ ಯಾರೂ ಉಂಡವರಲ್ಲ. ಅಟ್ಟದ ತುಂಬ ಹಳೇ ಕಂಬಳಿ, ಹರಿದ ಗೋಣಿಚೀಲ, ಇಲಿಯ ಗೂಡು, ತಲೆಮಾರುಗಳ ಜೇಡಬಲೆಯ ಇಲ್ಲಣ. ರಾತ್ರಿ ಹಾಸುವುದೂ ಕಂಬಳಿ, ಹೊದೆಯುವುದೂ ಕಂಬಳಿ. ಮದುವೆಯ ಗಂಡುಹೆಣ್ಣು ಕೂರುವುದು ಕಂಬಳಿಯ ಮೇಲೆ, ಊರ ಹಿರಿಯರೆದುರು ಆಣೆ ಇಡುವುದು ಕಂಬಳಿ ಮುಟ್ಟಿ, ಬೀರದೇವರಿಗೆ ಗದ್ದಿಗೆಯೂ ಕಂಬಳಿಯೇ. ಕುರುಬರ ಮನೆಯಲ್ಲಿ ಕಂಬಳಿ ಅಂದರೆ ಬಟ್ಟೆಯಲ್ಲ, ಮನೆಯ ಹಿರಿಯ. ಹಿರಿಯರನ್ನು ಯಾರಾದರೂ ಒಗೆದು ಹಿಂಡುತ್ತಾರೆಯೇ?

ಹಾಗಾಗಿ ಸರಸಮ್ಮನಿಗೆ ಉಬ್ಬಸ ಏರಿದಾಗಲೆಲ್ಲ ಆ ಮನೆಯವರು ತಮಗೆ ಗೊತ್ತಿದ್ದ ದೊಡ್ಡ ಔಷಧವನ್ನೇ ಮಾಡುತ್ತಿದ್ದರು. ದೇವರ ಮೂಲೆಯಲ್ಲಿ ಮಡಿಸಿಟ್ಟಿದ್ದ, ಮಾವನ ಅಪ್ಪನ ಕಾಲದ ಕರೀ ಕಂಬಳಿಯನ್ನು ತಂದು ಮುಖ ಮುಚ್ಚುವ ಹಾಗೆ ಸುತ್ತುತ್ತಿದ್ದರು. ಬೆಚ್ಚಗಿದ್ದರೆ ಬಿಡುತ್ತದೆ, ದೇವರ ಕಂಬಳಿ ಕೈಬಿಡುವುದಿಲ್ಲ. ಅವಳು ಇನ್ನೂ ಜೋರಾಗಿ ಉಸಿರು ಎಳೆದುಕೊಂಡರೆ ಮೇಲೊಂದು ಕಂಬಳಿ. ಇದನ್ನು ಕಲ್ಲಮ್ಮ ಕೇಡಿನಿಂದ ಮಾಡಲಿಲ್ಲ. ಆ ಹೊತ್ತಿನಲ್ಲಿ ಅವಳ ಕಣ್ಣಲ್ಲಿ ನೀರೂ ಬರುತ್ತಿತ್ತು. ಬೆಳಗಾದ ಮೇಲೆ ಅದೇ ಬಾಯಿ, ಈ ರೋಗಿಷ್ಠೆಯನ್ನು ಕಟ್ಟಿಕೊಂಡು ನನ್ನ ಮಗನ ಬಾಳು ಹಾಳಾಯಿತು ಎನ್ನುತ್ತಿತ್ತು. ಆ ಕಣ್ಣೀರೂ ನಿಜ, ಈ ಮಾತೂ ನಿಜ, ಅದೇ ಆ ಹೆಂಗಸಿನ ತೊಂದರೆ. ಆಡುಸೋಗೆಯ ಕಷಾಯ ಆಯಿತು, ತಾಯತ ಆಯಿತು, ಕುರಿಯ ಹರಕೆ ಆಯಿತು. ನಾಲ್ಕೈದು ವರ್ಷ ಕಳೆದರೂ ಹೊಟ್ಟೆಯಲ್ಲಿ ಒಂದು ಮಗುವೂ ನಿಲ್ಲಲಿಲ್ಲ. ಆಮೇಲೆ ಕಲ್ಲಮ್ಮ ಇನ್ನೊಂದು ಹೆಣ್ಣು ತರುವ ಮಾತನ್ನು ಮೊದಲು ಮೆಲ್ಲಗೆ, ಆಮೇಲೆ ಸೊಸೆಗೆ ಕೇಳುವ ಹಾಗೆ, ಕೊನೆಗೆ ಸೊಸೆಯ ಮುಖ ನೋಡಿಕೊಂಡೇ ಆಡತೊಡಗಿದಳು.

ಆಣೆ ಹೋಗಿ ನಯಾಪೈಸೆ ಬಂದ ವರ್ಷದ ಶ್ರಾವಣ. ಗಂಡಹೆಂಡಿರು ಕಂಬಳಿ ಮಾರಲು ಹಾಸನದ ಸಂತೆಗೆ ಹೋಗಿದ್ದರು. ಬಸ್ಸಿನಲ್ಲಿ ಕಂಬಳಿಯ ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸರಸಮ್ಮನಿಗೆ ಇಳಿಯುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಯಾರೋ ಪುಣ್ಯಾತ್ಮರು ಜಟಕಾದಲ್ಲಿ ಹಾಕಿ ಪೇಟೆಯ ಒಬ್ಬ ಡಾಕ್ಟರ ಹತ್ತಿರ ಸೇರಿಸಿದರು. ಡಾಕ್ಟರು ಸೂಜಿ ಚುಚ್ಚಿದರು, ಉಸಿರು ತಿರುಗಿತು. ಆಮೇಲೆ ಅವರು ಮಾಡಿದ ಮೊದಲ ಕೆಲಸ ಅವಳ ಮೈಮೇಲಿನ ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಬಾಗಿಲ ಆಚೆ ಹಾಕಿದ್ದು. ಮನೆಯಲ್ಲಿ ಏನು ಕೆಲಸ, ಎಲ್ಲಿ ಮಲಗುತ್ತೀ, ಹೇಗೆ ಗುಡಿಸುತ್ತೀ ಎಂದೆಲ್ಲ ಕೇಳಿದರು. ಕಸ ಗುಡಿಸುವ ಬಗೆ ಕೇಳಿದ ಡಾಕ್ಟರನ್ನು ಅವಳು ಅದುವರೆಗೆ ಕಂಡಿರಲಿಲ್ಲ. ನಿನ್ನ ಎದೆಗೆ ಉಣ್ಣೆಯ ದೂಳು, ಹಳೇ ಹಾಸಿಗೆಯ ದೂಳು, ಅಟ್ಟದ ದೂಳು ಆಗುವುದಿಲ್ಲಮ್ಮ, ಎಂದರು ಅವರು. ಮಲಗುವ ಕೋಣೆಯಲ್ಲಿ ಕಂಬಳಿ ಇರಕೂಡದು. ನೆಲ, ಅಟ್ಟ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಾಸುವುದು ಹೊದೆಯುವುದನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಸುಡುಬಿಸಿಲಿಗೆ ಹಾಕಬೇಕು. ಹಾಗೆ ಮಾಡಿಕೊಂಡು ಹೋದರೆ ಸೂಜಿಯೇ ಬೇಡವಾದೀತು.

ಊರಿಗೆ ಬಂದ ಮೇಲೆ ಡಾಕ್ಟರು ಏನಂದರು ಎಂದು ಅಪ್ಪ ಕೇಳಿದರೆ ಮರಿಯಣ್ಣ, ಅದೇನೋ ದೂಳು ಗೀಳು ಅಂದರು, ದೊಡ್ಡವರ ಮಾತು ಏನು ಗೊತ್ತಾಗುತ್ತೆ, ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸರಸಮ್ಮ ತಾನೇ ಬಾಯಿಬಿಟ್ಟು ಎಲ್ಲ ಹೇಳಬೇಕಾಯಿತು. ಮಗ್ಗ ನಡುಮನೆಯಿಂದ ಆಚೆ ಹೋಗಬೇಕು, ಕಂಬಳಿ ತನ್ನ ಹತ್ತಿರ ಸುಳಿಯಬಾರದು ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಕಲ್ಲಮ್ಮ ಹಣೆ ಬಡಿದುಕೊಂಡಳು. ಕುರುಬರ ಮನೆಯ ಸೊಸೆ ಕಂಬಳಿ ಬೇಡ ಎನ್ನುತ್ತಾಳಲ್ಲ, ನಾಳೆ ಬೀರದೇವರೇ ಬೇಡ ಎಂದಾಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ಇವಳ ಕಥೆ.

ಚಿಕ್ಕಬೀರಯ್ಯ ಮಾತು ಕಡಿಮೆಯ ಮನುಷ್ಯ. ಬಿಲ್ಲನ್ನು ಕೆಳಗಿಟ್ಟು, "ದೀಪಾವಳಿಗಂಟ ನೋಡಣ. ಮಗ್ಗ ಇತ್ತಲ ಕೊಟ್ಟಿಗೇಲಿ ಆಕ್ಕಳ್ಳಿ. ಅಷ್ಟ್ರಲ್ಲಿ ಇವ್ಳಿಗೆ ವಾಸಿಯಾದ್ರೆ ಇನ್ನೊಂದ್ ಎಣ್ಣಿನ ಮಾತು ಈ ಮನೇಲಿ ಏಳಕೂಡ್ದು" ಎಂದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಸರಸಮ್ಮ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ದೀಪಾವಳಿಯೊಳಗೆ ಎದೆಯ ಸಿಳ್ಳೆ ನಿಲ್ಲಬೇಕು. ನಿಂತರೆ ಈ ಮನೆ ತನ್ನದು, ಗಂಡ ತನ್ನವನು.

ಮೊದಲ ದಿನವೇ ಎಡವಿದಳು. ಹುಮ್ಮಸ್ಸಿನಲ್ಲಿ ಸೆರಗು ಸೊಂಟಕ್ಕೆ ಕಟ್ಟಿ, ಅಟ್ಟ ಹತ್ತಿ, ಹುಟ್ಟಿದಾಗಿನಿಂದ ಹೇಗೆ ಗುಡಿಸಿದ್ದಳೋ ಹಾಗೇ ಪೊರಕೆ ಆಡಿಸಿದಳು. ಅವರಜ್ಜನ ಕಾಲದ ದೂಳು ಒಮ್ಮೆಲೇ ಎದ್ದು ಮನೆಯೇ ಕಾಣದ ಹಾಗಾಯಿತು. ಏಣಿಯಿಂದ ಇಳಿಯಲೂ ಆಗದೆ ಮೇಲೇ ಕೂತು ಎಳೆದುಕೊಳ್ಳತೊಡಗಿದಳು. ಇಳಿಸಿಕೊಂಡು ಬಂದವರು ಮತ್ತೆ ಕಂಬಳಿ ಸುತ್ತಲು ಬಂದರೆ ಕೈಯಲ್ಲಿ ತಳ್ಳಿದಳು. ಕಲ್ಲಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು: ನೋಡಿ, ದೂಳು ತೆಗೆದರೆ ಹೋಗುತ್ತಂತೆ, ದೂಳು ತೆಗೆದಿದ್ದಕ್ಕೇ ಬಂದಿದೆ.

ಅವತ್ತು ಸುಧಾರಿಸಿಕೊಂಡು ಮಲಗಿದ್ದಾಗ ಅವಳಿಗೆ ಡಾಕ್ಟರ ಮಾತು ಸರಿಯಾಗಿ ಹೊಳೆಯಿತು. ಒದ್ದೆ ಬಟ್ಟೆಯಲ್ಲಿ ಒರೆಸು ಎಂದಿದ್ದರು. ಅವಳು ಅದನ್ನು ಗುಡಿಸಿ ಆದ ಮೇಲಿನ ಕೆಲಸ ಎಂದುಕೊಂಡಿದ್ದಳು. ದೂಳನ್ನು ಎಬ್ಬಿಸಿ ಓಡಿಸುವುದಲ್ಲ, ಮಲಗಿದ್ದ ಹಾಗೇ ನೆನೆಸಿ ಹಿಡಿಯಬೇಕು. ಮಾರನೆಯ ದಿನದಿಂದ ಮೂಗು ಬಾಯಿಗೆ ಒದ್ದೆ ಬಟ್ಟೆ ಬಿಗಿದುಕೊಂಡು ಹೊರಟಳು. ಅಟ್ಟಕ್ಕೆ ನೀರು ಚಿಮುಕಿಸಿ, ನೆನೆಸಿದ ಗೋಣಿಯಲ್ಲಿ ಇಲ್ಲಣ ಬಳಿದು ತೆಗೆದಳು. ದೇವರ ಕಂಬಳಿಯೂ ಸೇರಿ ಹಳೇ ಕಂಬಳಿಗಳೆಲ್ಲ ಮಗ್ಗದ ಹಿಂದೆಯೇ ಹಿತ್ತಲ ಕೊಟ್ಟಿಗೆಗೆ ಹೋದವು. ಅಲ್ಲಿ ಹೊಸ ಗುಂಡಿ ತೋಡುತ್ತ ಮರಿಯಣ್ಣ ಗೊಣಗಿದ್ದು ಇಡೀ ಕೇರಿಗೆ ಕೇಳಿಸಿತು. ನಡುಮನೆಯ ಪಕ್ಕದ ಚಿಕ್ಕ ಕೋಣೆಯೊಂದನ್ನು ಅವಳು ತನ್ನ ಪ್ರಾಣಕ್ಕೆಂದು ಆರಿಸಿಕೊಂಡಳು. ಅದರಲ್ಲಿ ಕೋಳಿ ಕವುಚುತ್ತಿದ್ದ ಕುಕ್ಕೆ ಇತ್ತು, ರಾಗಿ ಚೀಲ ಇತ್ತು, ಒಂದು ಮುರುಕು ತೊಟ್ಟಿಲಿತ್ತು. ಎಲ್ಲವನ್ನೂ ಹೊರಗೆ ಹಾಕಿ, ಇಲಿಯ ಬಿಲಕ್ಕೆ ಮಣ್ಣು ಮೆತ್ತಿ, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿದಳು. ಒಂದು ಚಾಪೆ, ಎರಡು ದುಪ್ಪಟಿ, ತಲೆಗೆ ಮಡಿಸಿದ ಹಳೇ ಸೀರೆ. ಹಂಡೆಯಲ್ಲಿ ಕೊಳೆ ಬಿಡಿಸುವ ಚೌಳುಮಣ್ಣು ಹಾಕಿ ಕುದಿಸಿದ ದುಪ್ಪಟಿಗೆ ಬಿಸಿಲಿನ ವಾಸನೆ ಬರುತ್ತಿತ್ತು. ಆ ಕೋಣೆಯಲ್ಲಿ ಮಲಗಿ ಮೊದಲ ಸಲ ಉದ್ದಕ್ಕೆ ಉಸಿರೆಳೆದಾಗ ಅವಳಿಗೆ ಯಾಕೋ ಅಳು ಬಂದುಬಿಟ್ಟಿತು.

ಮಗ್ಗದಿಂದ ಎದ್ದ ಗಂಡ ನೀರು ಹುಯ್ದುಕೊಂಡು ಬೇರೆ ಬಟ್ಟೆ ಉಟ್ಟೇ ಕೋಣೆಗೆ ಬರಬೇಕೆಂದು ಹಟ ಹಿಡಿದಳು. ಊರ ಹೆಂಗಸರಿಗೆ ಇಷ್ಟು ಸಾಕಾಯಿತು. ಮರಿಯಣ್ಣ ಹೆಂಡತಿ ಮಗ್ಗುಲಿಗೆ ಹೋಗಬೇಕಾದರೆ ಪೂಜಾರಿಯ ಹಾಗೆ ಮಡಿಯಲ್ಲಿ ಹೋಗಬೇಕಂತೆ ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಸರಸಮ್ಮ ಕೇಳಿಯೂ ಕೇಳದವಳ ಹಾಗೆ ಕೊಡ ತುಂಬಿಕೊಂಡು ಬಂದಳು. ನಗುವವರು ನಗಲಿ, ಕೊಡ ಹೊತ್ತು ಏರಿ ಬಂದರೂ ಎದೆಯಲ್ಲಿ ಸಿಳ್ಳೆ ಇಲ್ಲ. ಆ ಒಂದು ಸುಖದ ಮುಂದೆ ಊರಿನ ಬಾಯಿ ಯಾವ ಲೆಕ್ಕ?

ನವರಾತ್ರಿ ಹೊತ್ತಿಗೆ ಉಬ್ಬಸ ಪೂರ್ತಿ ನಿಂತಿತು. ಮೈಯಲ್ಲಿ ಸ್ವಲ್ಪ ಮಾಂಸವೂ ಕೂತಿತು. ಗಂಡ ಒಂದು ದಿನ ಊಟಕ್ಕೆ ಕೂತವನು ತಟ್ಟೆ ನೋಡಿ, ಮುದ್ದೆಯಲ್ಲಿ ಕೂದಲೇ ಇಲ್ಲವಲ್ಲ ಎಂದು ಆಶ್ಚರ್ಯಪಟ್ಟ. ಅಷ್ಟಕ್ಕೇ ಅವಳು ಹಿಗ್ಗಿ ಹೀರೇಕಾಯಾದಳು. ಪಾಪ, ಹೆಣ್ಣಿನ ಹಿಗ್ಗಿಗೆ ಎಷ್ಟು ಸಾಕು ನೋಡಿ.

ದೀಪಾವಳಿ ಬಂತು, ಹೋಯಿತು. ಮಾವ ಒಂದು ಮಾತು ಆಡಬಹುದೆಂದು ಅವಳು ಕಾದಳು. ಆತ ಜಗಲಿಯಲ್ಲಿ ಬಿಲ್ಲು ಮೀಟುತ್ತಲೇ ಇದ್ದ. ಕಲ್ಲಮ್ಮ ಮಾತ್ರ ಆಡಿದಳು, ಅದೂ ಬಾವಿಕಟ್ಟೆಯಲ್ಲಿ, ನಾಲ್ಕು ಜನರೆದುರು. "ಕಸ ಬಳುದ್ರೆ ಓಗೋ ಕಾಯ್ಲೆ ಅಂದ್ರೆ ಅದು ಕಾಯ್ಲೆನೇ ಅಲ್ಲ ಕಣ್ರವ್ವ. ಇಷ್ಟ್ ವರ್ಸ ನಮ್ಮನ್ನ ಕುಣುಸ್ಬುಟ್ಲು."

ಕೊಡ ಹಿಡಿದು ಬಂದ ಸರಸಮ್ಮನ ಕಿವಿಗೂ ಅದು ಬಿತ್ತು. ತಾಯತದಿಂದ ಹೋಗಿದ್ದರೆ ಅದು ರೋಗ. ಕುರಿ ಕಡಿದು ಹೋಗಿದ್ದರೆ ಅದು ಶನಿ. ಹಾಸನದ ಸೂಜಿಯಿಂದ ಹೋಗಿದ್ದರೂ ಜನ ಒಪ್ಪುತ್ತಿದ್ದರು. ಒದ್ದೆ ಬಟ್ಟೆಯಿಂದ ಹೋದ ರೋಗಕ್ಕೆ ಮರ್ಯಾದೆ ಇಲ್ಲ. ತುಟಿ ನೀಲಿಗಟ್ಟಿ ಕಣ್ಣು ಮೇಲೆ ಸಿಕ್ಕಿಸಿಕೊಂಡ ರಾತ್ರಿಗಳನ್ನೆಲ್ಲ ಕಣ್ಣಾರೆ ಕಂಡವಳೇ ಕಳ್ಳಾಟ ಎಂದಳು. ಸರಸಮ್ಮ ಅದನ್ನೂ ನುಂಗಿಕೊಂಡಳು. ಏನಾದರೂ ಅನ್ನಲಿ, ಗಡುವು ಗೆದ್ದಿದ್ದೇನೆ, ಇನ್ನೊಂದು ಹೆಣ್ಣಿನ ಮಾತು ಸತ್ತಿತು ಎಂದು ತನಗೆ ತಾನೇ ಹೇಳಿಕೊಂಡಳು.

ಕಾರ್ತಿಕದಲ್ಲಿ ಒಂದು ದಿನ ಕಲ್ಲಮ್ಮ, ಬರುವ ಸೋಮವಾರ ಹೊಳೆನರಸೀಪುರದ ಕಡೆಯವರು ಮನೆ ನೋಡಲು ಬರುತ್ತಾರೆ, ಚೆನ್ನಾಗಿ ಬಳಿದು ಸಾರಿಸು ಎಂದಳು. ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ, ಕಣಜ, ದನಕರು ನೋಡಿ ಹೋಗುವುದು ಆ ಸೀಮೆಯ ವಾಡಿಕೆ. ಮನೆಯಲ್ಲಿ ಮದುವೆಯಾಗದೆ ಇದ್ದವನು ಮೈದುನ ಪುಟ್ಟಬೀರ ಒಬ್ಬನೇ. ಕುರಿಮಂದೆಯ ಹಿಂದೆ ಗೊರೂರಿನ ಹೊಳೆದಂಡೆಗೆ ಹೋದವನು ಸುಗ್ಗಿಗೆ ಬರುವವನಿದ್ದ. ಸರಸಮ್ಮ ಕೇಳಲಿಲ್ಲ, ಕೇಳುವುದೇನಿತ್ತು? ವಾರಗಿತ್ತಿ ಬರುತ್ತಾಳೆ, ಮನೆಯಲ್ಲಿ ಮಾತಾಡಲು ಒಂದು ಜೀವ ಆಗುತ್ತದೆ ಎಂದು ಮನಸ್ಸು ಹಗುರಾಯಿತು. ನಾನು ಕಂಡ ಮೋಸಗಳಲ್ಲಿ ಬಾಯಿಬಿಟ್ಟು ಸುಳ್ಳು ಹೇಳಿದ್ದು ಕಡಿಮೆ. ಎದುರಿಗಿದ್ದವರು ತಪ್ಪಾಗಿ ತಿಳಿದಿದ್ದಾರೆಂದು ಗೊತ್ತಿದ್ದೂ ಸುಮ್ಮನಿದ್ದದ್ದೇ ಹೆಚ್ಚು.

ಆ ವಾರ ಅವಳು ದುಡಿದದ್ದಕ್ಕೆ ಮಿತಿಯಿಲ್ಲ. ಕಲಿತದ್ದನ್ನೆಲ್ಲ ಇಡೀ ಮನೆಗೆ ಸುರಿದಳು. ತೊಲೆಯ ಮೇಲಿನ ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ನಡುಮನೆಗೂ ಸುಣ್ಣ ಬಳಿದಳು, ಕಣಜದ ಬುಡದ ಇಲಿಹಿಕ್ಕೆ ಬಾಚಿದಳು, ಒಲೆಯ ಮಸಿ ತೆಗೆದಳು. ಕಲ್ಲಮ್ಮ ಎಂದೂ ಇಲ್ಲದ ಅಕ್ಕರೆಯಲ್ಲಿ, ಸ್ವಲ್ಪ ಕೂತುಕೋ, ಆಯಾಸವಾದೀತು ಎಂದಳು. ಸರಸಮ್ಮ ಅದನ್ನೂ ಅಕ್ಕರೆ ಎಂದೇ ನಂಬಿದಳು.

ಸೋಮವಾರ ಗಾಡಿ ಬಂತು. ಹುಡುಗಿಯ ಅಪ್ಪ, ಜೊತೆಗೆ ಅಜ್ಜಿ ದೊಡ್ಡತಾಯಮ್ಮ. ಅಪ್ಪ ಜಗಲಿಯಲ್ಲಿ ಕೂತು ಚಿಕ್ಕಬೀರಯ್ಯನ ಹತ್ತಿರ ಕುರಿಯ ರೇಟು ಮಾತಾಡುತ್ತಿದ್ದ. ಮನೆ ನೋಡಿದ್ದು ಅಜ್ಜಿ. ನೋಡುವುದೆಂದರೆ ಅವಳೇ ನೋಡಬೇಕು. ಕಣಜದೊಳಗೆ ಕೈ ಹಾಕಿದಳು, ಹಸುವಿನ ಕೆಚ್ಚಲು ಮುಟ್ಟಿದಳು, ತೊಲೆಯ ಮೇಲೆ ಬೆರಳೆಳೆದು ಬೆಳಕಿಗೆ ಹಿಡಿದಳು. ಬೆರಳಿಗೆ ಏನೂ ಹತ್ತಿರಲಿಲ್ಲ. ಕುರುಬರ ಮನೆಯಲ್ಲಿ ಹೀಗಿರುವುದನ್ನು ನಾನು ಕಂಡೇ ಇಲ್ಲ ಎಂದು ಬೆರಗಾದಳು. ಬಾಗಿಲ ಮರೆಯಲ್ಲಿ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದ ಸರಸಮ್ಮನ ಮುಖ ಅರಳಿತು. ನಾಲ್ಕೈದು ವರ್ಷದಲ್ಲಿ ಆ ಮನೆಯಲ್ಲಿ ಅವಳ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು.

ಅಜ್ಜಿ ಚಿಕ್ಕ ಕೋಣೆಗೆ ಇಣುಕಿ ಇದು ಯಾರದೆಂದು ಕೇಳಿದಳು. ನಿಮ್ಮ ಹುಡುಗಿ ಮಾಯಮ್ಮನಿಗೇ ಬಿಡುವುದು ಎಂದಳು ಕಲ್ಲಮ್ಮ. ಸರಸಮ್ಮನಿಗೆ ಚುರುಕ್ಕೆಂದಿತು. ತನ್ನನ್ನು ಒಂದು ಮಾತು ಕೇಳಬಾರದಿತ್ತೇ? ಆದರೂ ಹೊಸ ಜೋಡಿಗೆ ಒಂದು ಕೋಣೆ ಬೇಕಲ್ಲ, ತನಗೆ ಅಟ್ಟದ ಕೆಳಗೆ ಇನ್ನೊಂದು ಮೂಲೆ ಮಾಡಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡು ಮಜ್ಜಿಗೆ ಕೊಟ್ಟಳು. ಚೊಂಬು ತೆಗೆದುಕೊಂಡ ದೊಡ್ಡತಾಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಹತ್ತಿರ ಕೂರಿಸಿಕೊಂಡಳು. ಅವಳ ದನಿಯಲ್ಲಿ ನಿಜವಾದ ಮರುಕ ಇತ್ತು.

"ನೀನೇ ಏನವ್ವ ಮರಿಯಣ್ಣನ ಮೊದ್ಲೆಂಡ್ತಿ? ನಮ್ಮುಡ್ಗೀನ ಸವ್ತಿ ಅಂತ ನೋಡ್ಬ್ಯಾಡ ಕಣ್ ಮಗ. ತಂಗಿ ಅನ್ಕಂಡು ನೋಡ್ಕೊ."

ಸರಸಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ವೀಳ್ಯದೆಲೆ ಒರೆಸುತ್ತಿದ್ದಳು. ಸರಸಮ್ಮನ ಮುಖ ಇಳಿದದ್ದು ಅಜ್ಜಿಗೆ ಕಾಣಲಿಲ್ಲ, ಅಥವಾ ಕಂಡರೂ ಇಂಥ ಹೊತ್ತಿನಲ್ಲಿ ಯಾವ ಹೆಂಗಸಿನ ಮುಖವೂ ಹೀಗೇ ಇರುತ್ತದೆ ಎಂದುಕೊಂಡಳು. ಅವಳ ತಲೆಯಲ್ಲಿ ಬೇರೆಯೇ ಒಂದು ಅನುಮಾನ ಕೊರೆಯುತ್ತಿತ್ತು. ಮೊದಲ ಹೆಂಡತಿ ಉಬ್ಬಸದವಳು, ಕಸ ಗುಡಿಸಲೂ ತ್ರಾಣವಿಲ್ಲ, ಮನೆ ನೋಡಿಕೊಳ್ಳುವವರಿಲ್ಲ ಎಂದು ತಾನೇ ನೀವು ಹೆಣ್ಣು ಕೇಳಿದ್ದು? ಮನೆ ನೋಡಿದರೆ ಗುಡಿಯ ಹಾಗಿದೆಯಲ್ಲ, ಎಂದಳು.

ಕಲ್ಲಮ್ಮ ತಡವರಿಸಲಿಲ್ಲ. ಆಗ ಹಾಗಿತ್ತು, ಈಗ ಪೂರ್ತಿ ವಾಸಿಯಾಗಿದೆ, ಮನೆಯ ಕೆಲಸವೆಲ್ಲ ಇವಳೇ ನೋಡಿಕೊಳ್ಳುತ್ತಾಳೆ, ನಿಮ್ಮ ಹುಡುಗಿ ಮಗು ಹೆತ್ತುಕೊಟ್ಟರೆ ಸಾಕು ಎಂದಳು. ಅಜ್ಜಿಗೆ ಅಲ್ಲಿಗೆ ಮನಸ್ಸು ನಿರಾಳವಾಯಿತು. ಎರಡು ಮದುವೆಗೆ ಈಗ ಕಾನೂನು ಬಂದಿದೆಯಂತಲ್ಲ ಎಂದು ಹೆಸರಿಗೆ ಒಮ್ಮೆ ಕೇಳಿದಳು. ಕಾನೂನು ಚನ್ನರಾಯಪಟ್ಟಣದ ಕಚೇರಿಯಲ್ಲಿರುತ್ತದೆ, ನಮ್ಮೂರಿಗೆ ಬಸ್ಸೇ ಬರುವುದಿಲ್ಲ ಎಂದು ಕಲ್ಲಮ್ಮ ನಕ್ಕಳು. ಇಬ್ಬರೂ ನಕ್ಕರು.

ಆಮೇಲೆ ವೀಳ್ಯ ಬದಲಾಯಿಸಲು ಹಿತ್ತಲ ಕೊಟ್ಟಿಗೆಯಿಂದ ದೇವರ ಕಂಬಳಿ ಬಂತು. ಕಲ್ಲಮ್ಮ ಅದನ್ನು ಸುಣ್ಣ ಬಳಿದ ನಡುಮನೆಯ ಮಧ್ಯದಲ್ಲಿ ಎರಡು ಸಲ ಜೋರಾಗಿ ಕೊಡವಿ ಹಾಸಿದಳು. ಸರಸಮ್ಮನ ಎದೆ ಹಿಡಿದುಕೊಂಡಿತು. ಅವಳು ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು, ಉಸಿರು ಹಿಡಿತಕ್ಕೆ ಬರುವ ತನಕ ಅಲ್ಲೇ ಇದ್ದಳು. ಒಳಗೆ ಯಾರೂ ಅವಳನ್ನು ಹುಡುಕಲಿಲ್ಲ.

ಗಾಡಿ ಹೋದ ಮೇಲೆ ಕೊಟ್ಟಿಗೆಗೆ ಹೋದಳು. ಮರಿಯಣ್ಣ ಏನೂ ಆಗದವನ ಹಾಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಮಾತು ಯಾವಾಗ ಕೊಟ್ಟಿದ್ದು ಎಂದು ಕೇಳಿದಳು. ಅವನು ಎಳೆ ಸರಿಮಾಡುತ್ತ, ಗೌರಿ ಹಬ್ಬಕ್ಕೆ ಅವ್ವ ತವರಿಗೆ ಹೋಗಿದ್ದಳಲ್ಲ, ಆಗಲೇ ಎಂದ. ಅಪ್ಪನಿಗೂ ಗೊತ್ತಿತ್ತು ಎಂದೂ ಸೇರಿಸಿದ.

ಗೌರಿ ಹಬ್ಬ. ಸರಸಮ್ಮ ಮನಸ್ಸಿನಲ್ಲೇ ಹಿಂದಕ್ಕೆ ಹೋದಳು. ಗೌರಿ ಹಬ್ಬದಲ್ಲಿ ಅವಳು ಆ ಕೋಣೆಗೆ ಸುಣ್ಣ ಕಲೆಸುತ್ತಿದ್ದಳು. ಅಂದರೆ ಅವಳು ಗಡುವನ್ನು ಗೆಲ್ಲಲು ಹೊರಟಾಗಲೇ ಗಡುವು ಎಂಬುದೇ ಇರಲಿಲ್ಲ. ಅಲ್ಲಿಂದೀಚೆಗೆ ನೆನೆಸಿದ ಗೋಣಿ, ಕುದಿಸಿದ ದುಪ್ಪಟಿ, ಊರವರ ನಗೆ, ಎಲ್ಲ ಸವತಿಗೆ ಮನೆ ಅಣಿ ಮಾಡಿದ್ದಕ್ಕೆ ಜಮಾ.

"ನಂಗ್ಯಾಕೆ ಏಳ್ಲಿಲ್ಲ?"

"ಏಳುದ್ರೆ ಬೇಜಾರ್ ಮಾಡ್ಕತಿದ್ದೆ. ಬೇಜಾರ್ ಮಾಡ್ಕಂಡ್ರೆ ಉಬ್ಬುಸ ಎಚ್ಚಾಯ್ತದೆ ಅಂತ ಸುಮ್ಕಿದ್ದೆ ಕಣೆ."

ಎಂಥ ಕರುಣೆ. ಅವನು ಅದನ್ನು ನಂಬಿಕೊಂಡೇ ಹೇಳಿದ, ಅದೇ ಅವಳಿಗೆ ಹೆಚ್ಚು ಸಿಟ್ಟು ಬರಿಸಿತು. "ರೋಗದೋಳು ಅಂತ ಇನ್ನೊಂದ್ ಮದ್ವೆ ಅಂದ್ರಿ. ವಾಸಿಯಾದ್ಮೇಲೂ ಮದ್ವೆ ಅಂತೀರಿ. ನಾನ್ ಎಂಗಿದ್ದಿದ್ರೆ ಮಾಡ್ಕತಿರ್ಲಿಲ್ಲ, ಅದೊಂದ್ ಏಳ್ಬುಡಿ" ಎಂದಳು.

ಅವನು ಅದಕ್ಕೆ ಒಂದು ಏರ್ಪಾಡು ಹೇಳಿದ. ಅವ್ವ ಹೇಳಿದ್ದಾಳೆ, ಮದುವೆಯಾದ ಮೇಲೆ ಕೋಣೆ ಮಾಯಮ್ಮನಿಗೆ ಬಿಡಬೇಕು, ನಡುಮನೆಯಲ್ಲಿ ಅಪ್ಪ ಅವ್ವ ಪುಟ್ಟಬೀರ ಮಲಗುತ್ತಾರೆ, ನೀನು ಇಲ್ಲೇ ಒಂದು ಮೂಲೆಯಲ್ಲಿ ಚಾಪೆ ಹಾಕಿಕೋ, ಬೆಚ್ಚಗೂ ಇರುತ್ತೆ ಎಂದ. ಸರಸಮ್ಮ ಕೊಟ್ಟಿಗೆಯನ್ನು ಒಮ್ಮೆ ಸುತ್ತ ನೋಡಿದಳು. ಮನೆಯಿಂದ ಅವಳು ಹೊರಹಾಕಿದ್ದೆಲ್ಲ ಅಲ್ಲಿತ್ತು. ಹಳೇ ಕಂಬಳಿಗಳು ಸೂರಿನ ತನಕ ಇದ್ದವು, ಉಣ್ಣೆಯ ರಾಶಿ ಇತ್ತು, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ದೂಳು ತೇಲುತ್ತಿತ್ತು. ನಿಂತ ಅಷ್ಟು ಹೊತ್ತಿಗೇ ಗಂಟಲು ಕೆರೆಯುತ್ತಿತ್ತು.

"ಇಲ್ ಮಲಗುದ್ರೆ ನಾನ್ ಉಳಿಯಲ್ಲ" ಎಂದಳು.

"ಯಾ‌ಕೆ, ವಾಸಿಯಾಯ್ತಲ್ಲ? ವಾಸಿಯಾದ್ಮೇಲೆ ಇನ್ನೇನು?"

"ವಾಸಿಯಾಗಿಲ್ಲ. ಉಬ್ಬುಸ ಬಾಗ್ಲಾಚೆ ನಿಂತದೆ ಅಷ್ಟೆ. ಇಲ್ ಮಲಗ್ಸುದ್ರೆ ನನ್ ಮಗ್ಲಿಗೇ ಬಂದ್ ಮಲಗ್ತದೆ."

ಹಾಸನದಲ್ಲಿ ಡಾಕ್ಟರು ಹೇಳಿದಾಗ ಅವನೂ ಪಕ್ಕದಲ್ಲೇ ಕೂತು ಕೇಳಿದ್ದ. ಇಷ್ಟು ತಿಂಗಳು ನೀರು ಹುಯ್ದುಕೊಂಡು ಕೋಣೆಗೆ ಬಂದಿದ್ದ. ಹಾಗಿದ್ದೂ ಅವನಿಗೆ ಅದು ಹೆಂಡತಿಯ ಒಂದು ಹಟ ಆಗಿತ್ತೇ ಹೊರತು ಅವಳ ಪ್ರಾಣ ಆಗಿರಲಿಲ್ಲ. ಅವನು ಮತ್ತೆ ಲಾಳಿ ಕೈಗೆತ್ತಿಕೊಂಡು, ಅವ್ವನಿಗೆ ಹೇಳಿ ನೋಡುತ್ತೇನೆ ಎಂದ. ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಸರಸಮ್ಮ ಎರಡು ಸೀರೆ, ಒಂದು ದುಪ್ಪಟಿ ಗಂಟು ಕಟ್ಟಿಕೊಂಡು ಹೊರಟಳು. ತವರಿನಲ್ಲಿ ತಾಯಿ ಇಲ್ಲ. ಅತ್ತಿಗೆ ಮೂರು ದಿನ ನಗುತ್ತಾಳೆ, ನಾಲ್ಕನೆಯ ದಿನ ಪಾತ್ರೆ ಕುಕ್ಕುತ್ತಾಳೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಸನದಲ್ಲಿ ಆ ಡಾಕ್ಟರ ಕಾಲು ಹಿಡಿದರೆ ಯಾರದಾದರೂ ಮನೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕೀತು ಎಂದೂ ಒಂದು ಗಳಿಗೆ ಅನ್ನಿಸಿತು. ಜಗಲಿಯ ಮೇಲಿದ್ದ ಮಾವನಿಗೆ ಹೋಗುತ್ತೇನೆ ಎಂದಳು. ಚಿಕ್ಕಬೀರಯ್ಯ ಹೆದೆಗೆ ಸಿಕ್ಕಿದ್ದ ಉಣ್ಣೆ ಬಿಡಿಸುತ್ತಿದ್ದ. ಬಾಗಿಲಲ್ಲಿ ನಿಂತ ಕಲ್ಲಮ್ಮ ಕೇರಿಗೆಲ್ಲ ಕೇಳುವ ಹಾಗೆ ಮಗನಿಗೆ ಹೇಳಿದಳು: "ಕೂಗ್ಬ್ಯಾಡ ಬುಡ್ಲಾ. ಆ ದಿಣ್ಣೆ ಅತ್ತದ್ರೊಳ್ಗೆ ಉಸ್ರುಗಟ್ಕಂಡು ಕೂತ್ಕತಾಳೆ. ಆಗ್ ಓಗಿ ಗಾಡೀಲ್ ಕರ್ಕಂಬಂದ್ರಾಯ್ತು."

ಬಸ್ಸಿನ ರಸ್ತೆಗೆ ಹೋಗಬೇಕಾದರೆ ಊರಾಚೆ ಕಲ್ಲುದಿಣ್ಣೆ ಹತ್ತಿ ಇಳಿಯಬೇಕು. ಸರಸಮ್ಮ ಹತ್ತತೊಡಗಿದಳು. ಅತ್ತೆಯ ಮಾತು ಬೆನ್ನಿಗೆ ಅಂಟಿಕೊಂಡೇ ಬಂತು. ನಾಚಿಕೆ ಬಿಟ್ಟು ಹೇಳುವುದಾದರೆ ಅವಳೂ ಅದಕ್ಕೇ ಕಾಯುತ್ತಿದ್ದಳು. ಉಬ್ಬಸ ಬಂದರೆ ಕೂರಬಹುದು, ಕೂತರೆ ಯಾರಾದರೂ ಬರಲು ಹೊತ್ತು ಸಿಗುತ್ತದೆ, ಬಂದವನು ಗಂಡನೇ ಆಗಿದ್ದರೆ ಕೈಹಿಡಿದು ಎಬ್ಬಿಸಿ, ಕೋಣೆ ನಿನಗೇ ಇರಲಿ ಬಾ ಎಂದರೂ ಎಂದಾನು. ಬೇಕೆಂದೇ ಬಿರಬಿರನೆ ನಡೆದಳು. ಎದೆ ಬಡಿದುಕೊಂಡಿತೇ ಹೊರತು ಸಿಳ್ಳೆ ಹಾಕಲಿಲ್ಲ. ಕಾರ್ತಿಕದ ಬೆಳಗಿನ ತಣ್ಣನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಕೂರಲು ಒಂದು ನೆಪವೂ ಸಿಗದೆ ಅವಳು ದಿಣ್ಣೆಯ ತುದಿಗೆ ಬಂದುಬಿಟ್ಟಳು. ಅಲ್ಲಿ ತಿರುಗಿ ನೋಡಿದಳು. ಹತ್ತಿ ಬಂದ ದಾರಿ ಊರಿನ ತನಕ ಕಾಣುತ್ತಿತ್ತು, ಅದರಲ್ಲಿ ಯಾರೂ ಇರಲಿಲ್ಲ.